ವಾರಿಜಾ ಆಂಟಿಯ ಗರಾಜ್ ಸ್ಟೇಷನ್

"ಜಪಾನಿನವರು ವರ್ಷಕ್ಕೆರಡು ಸಲ ಗಡಿಯಾರ ಒಂದು ಗಂಟೆ ಆಚೀಚೆ ತಿರುಗಿಸುದಿಲ್ಲ, ಇಲ್ಲಿ ಅಮೆರಿಕದಲ್ಲಿ ನಾವು ತಿರುಗಿಸ್ತೇವೆ. ಅದು ಈ ಆಟದ ರೈಲಿಗೆ ಹೇಗೆ ಗೊತ್ತಾಗ್ತದೆ ಮಾರಾಯ?" ಎಂದು ವಾರಿಜಾ ಆಂಟಿ ಸುಧೀಂದ್ರನನ್ನು ಕೇಳಿದರು. ವಿಜ್ಞಾನದ ಪುಸ್ತಕಗಳನ್ನು ಓದಿ ಓದಿ, ತನ್ನನ್ನು ಬಿಟ್ಟು ಬೇರೆಲ್ಲವನ್ನೂ ಸಂಶಯಿಸಲು ಕಲಿತಿದ್ದ ಅವನು ಭೂಮಿಯ ತಿರುಗಾಟದ ಬಗ್ಗೆ ಇಪ್ಪತ್ತು ನಿಮಿಷ ಉಪನ್ಯಾಸ ಕೊಟ್ಟ.

ಉಡುಪಿಯ ಆಂಟಿ ಮದುವೆಯಾದ ಹೊಸದರಲ್ಲಿ ಜಪಾನಿನ ಒಂದು ಸಣ್ಣ ಊರಿನಲ್ಲಿದ್ದರು. ಅಲ್ಲಿಗೆ ಬೆಳಿಗ್ಗೆ ಏಳು ಹತ್ತಕ್ಕೆ ಬರುತ್ತಿದ್ದ ಒಂದೇ ಬೋಗಿಯ ರೈಲಿನಲ್ಲಿ ಗಂಡ ಕೆಲಸಕ್ಕೆ ಹೋಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ, 2021ರ ಬೇಸಿಗೆಯಲ್ಲಿ, ಆಂಟಿ ಡೈಮಂಡ್ ಬಾರ್ ಎಂಬ ಊರಿನ ತಮ್ಮ ಗರಾಜಿನಲ್ಲಿ ಆ ಸ್ಟೇಷನ್ನಿನ ಮಾದರಿ ಕಟ್ಟಿದರು. ಅಲ್ಲಿ ಈಗಲೂ ಓಡುವ ಆ ರೈಲು ನಿಂತ ಹೊತ್ತಿಗೇ ಇಲ್ಲಿಯದೂ ನಿಲ್ಲಬೇಕೆಂಬುದು ಅವರ ಹಟ. ಅಲ್ಲಿಯ ಏಳು ಹತ್ತು ಎಂದರೆ ಇಲ್ಲಿಯ ಬೇಸಿಗೆಯ ಗಡಿಯಾರದಲ್ಲಿ ಮಧ್ಯಾಹ್ನ ಮೂರು ಹತ್ತು, ಚಳಿಗಾಲದಲ್ಲಿ ಎರಡು ಹತ್ತು. ದೂರದ ಯೂನಿವರ್ಸಿಟಿ ಸಿಟಿ ಎಂಬಲ್ಲಿಂದ ಡ್ರೈವ್ ಮಾಡಿಕೊಂಡು ಬಂದು ರೈಲು ಓಡಿಸುವ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದುಕೊಟ್ಟವನು ಸುಧೀಂದ್ರ.

ಮೂರು ವರ್ಷ ರೈಲು ಒಂದು ನಿಮಿಷವೂ ತಪ್ಪಲಿಲ್ಲ. "ಯಾರೂ ಕೈ ಹಾಕೋದೇ ಬೇಡ, ಹಾಗೆ ಬರೆದಿದ್ದೀನಿ," ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ.

"ರೈಲು ಸರಿಯಾಗಿ ನಿಲ್ತದೆ, ಇವನ ಮಾತು ನಿಲ್ಲುದಿಲ್ಲ," ಎಂದು ಆಂಟಿ ಕಾಫಿ ಕೊಡುತ್ತಿದ್ದರು.

2024ರ ಆಗಸ್ಟಿನಲ್ಲಿ ಆಂಟಿಯೂ ತೀರಿಕೊಂಡರು. ನವೆಂಬರಿನಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹೋದ ದಿನ ಗರಾಜಿನ ರೈಲು ಒಂದು ಗಂಟೆ ತಡವಾಗಿ ಬಂತು. ಸುಧೀಂದ್ರ ಧೈರ್ಯವಾಗಿ ಮೋಟಾರನ್ನು ಬಿಚ್ಚತೊಡಗಿದ.

"ಅಂಕಲ್, ಮೋಟಾರ್ ಈಸ್ ಫೈನ್," ಎಂದಳು ಆಂಟಿಯ ಮಗಳು ನಿಶ್ಮಿತಾ.

ಪ್ರತಿ ನವೆಂಬರಿನಲ್ಲಿ ಅಮ್ಮ ಆ ಕಂಪ್ಯೂಟರಿನ ಗಡಿಯಾರವನ್ನು ಕೈಯಾರೆ ಒಂದು ಗಂಟೆ ಮುಂದಿಟ್ಟು, ಮಾರ್ಚಿನಲ್ಲಿ ಹಿಂದಿಡುತ್ತಿದ್ದರಂತೆ. ಅವನಿಗೆ ಹೇಳಬಾರದೆಂದು ಮಗಳಿಂದ ಮಾತೂ ತೆಗೆದುಕೊಂಡಿದ್ದರಂತೆ.