ಹವಳದ ಕಲ್ಲು, ಅಪ್ಪಯ್ಯನ ಮೂಗು

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯನ್ನು ಅಮ್ಮ ನನ್ನನ್ನು ನೋಡಿಯೇ ಕಲಿತಿರಬೇಕು. ಕೂತು ಕಾಯುವುದು ನನ್ನ ಜಾತಕದಲ್ಲೇ ಇಲ್ಲ. ಅಂಥವನು ಎಪ್ಪತ್ತರ ದಶಕದ ಕೊನೆಗೆ, ಮದ್ರಾಸಿನಲ್ಲಿ ಇನ್ಶೂರೆನ್ಸ್ ಗುಮಾಸ್ತನಾಗಿದ್ದಾಗ, ಮನೆಯಲ್ಲಿ ಉಪ್ಪುನೀರಿನ ಮೀನು ಸಾಕಲು ಹೊರಟೆ. ಟ್ರಿಪ್ಲಿಕೇನಿನ ನಮ್ಮ ಎರಡು ಕೋಣೆಯ ಮನೆಯಿಂದ ಸಮುದ್ರಕ್ಕೆ ಹತ್ತು ನಿಮಿಷ. ಕ್ಯಾನಿನಲ್ಲಿ ನೀರು ಹೊತ್ತು ತಂದೆ. ಗಾಜಿನ ತೊಟ್ಟಿಗೆ ಹಳದಿ ಮೈಯ, ಕಪ್ಪು ಪಟ್ಟೆಯ ಎರಡು ಮೀನು ಬಿಟ್ಟೆ. ಅಡಗಲು ಜಾಗವಿಲ್ಲದೆ ಅವು ಮೂಲೆಯಿಂದ ಮೂಲೆಗೆ ಓಡುತ್ತಲೇ ಇದ್ದವು.

ಮನೆಯಲ್ಲಿ ಹಾಗೆ ಓಡಾಡುವವರು ಇನ್ನೊಬ್ಬರಿದ್ದರು, ಅಪ್ಪಯ್ಯ. ಉಡುಪಿ ಕಡೆಯಿಂದ ಬಂದು ಹೋಟೆಲಿನ ಅಡಿಗೆಮನೆಯಲ್ಲಿ ಮೂವತ್ತು ವರ್ಷ ನಿಂತವರು. ಜ್ವರ ಬಂದು ಎರಡು ತಿಂಗಳು ಮಲಗಿ ಈಗಷ್ಟೇ ಎದ್ದಿದ್ದರು. ಎರಡು ವಾರ ಬಿಟ್ಟು ಸೋಮವಾರ ಒಲೆಯ ಮುಂದೆ ಹಾಜರು ಎಂದು ಯಜಮಾನರಿಗೆ ಹೇಳಿ ಕಳಿಸಿದ್ದರು. ಅಲ್ಲಿಯವರೆಗೆ ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದದ್ದೇ ನಡೆದದ್ದು. ನೋಡಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಆ ದಿನಗಳಲ್ಲೇ ರಾಮೇಶ್ವರಕ್ಕೆ ಹೋಗಿ ಬಂದೆ. ಅಲ್ಲಿ ದಂಡೆಯಲ್ಲಿ ಹವಳದ ಕಲ್ಲೊಂದು ಸಿಕ್ಕಿತು. ಹೂಕೋಸಿನ ಗಾತ್ರ, ಮೈತುಂಬ ತೂತು. ಪ್ಯಾರೀಸ್ ಕಾರ್ನರಿನಲ್ಲಿ ಮೀನಿನ ಸಾಮಾನು ಮಾರುವವನಿಗೆ ತೋರಿಸಿದೆ.

"ಒರು ಮಾಸಂ ತಣ್ಣಿಲ ಊರ ವೈಂಗ ಸಾರ್" ಎಂದ. ತೂತಿನೊಳಗೆ ಸತ್ತ ಜೀವ ಕೊಳೆಯುತ್ತಿರುತ್ತದಂತೆ. ತಿಂಗಳಿಡೀ ನೀರು ಬದಲಿಸಿ ನೆನೆಸಬೇಕು, ಒದ್ದೆಯಿದ್ದಾಗಲೂ ನಾತ ಬರಬಾರದು, ಅದಕ್ಕೆ ಮೊದಲೇ ತೊಟ್ಟಿಗೆ ಹಾಕಿದರೆ ಮೀನು ಸತ್ತಂತೆಯೇ. ಒಂದು ತಿಂಗಳು! ನಾನು ಐದನೇ ದಿನಕ್ಕೆ ಬಕೆಟಿನಿಂದ ಎತ್ತಿದೆ.

ಮೂಸಿದೆ. ಸಣ್ಣಗೆ ಏನೋ ಇತ್ತು. ಇದ್ದರೇನು, ನಮ್ಮ ಮನೆಯಲ್ಲಿ ಮೂಗು ಎಂದರೆ ಅಪ್ಪಯ್ಯನದು. ಅವರ ಹೋಟೆಲಿನಲ್ಲೂ ದೇವರ ನೈವೇದ್ಯಕ್ಕೆ ಮೊದಲು ಅಡಿಗೆಯನ್ನು ನಾಲಿಗೆಗೆ ಮುಟ್ಟಿಸುವಂತಿಲ್ಲ. ಹಾಗಾಗಿ ಸಾರಿನ ಹದವನ್ನೂ ಹಿಟ್ಟಿನ ಹುಳಿಯನ್ನೂ ಮೂಸಿಯೇ ಹೇಳಿದ ಮೂಗು ಅದು. ಕಲ್ಲನ್ನು ಅವರ ಮುಂದೆ ಹಿಡಿದೆ.

ಅಪ್ಪಯ್ಯ ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದರು. ಮತ್ತೊಮ್ಮೆ ಎಳೆದರು.

"ಎಂತದೂ ಇಲ್ಲ ಮಾರಾಯ, ಹಾಕು" ಎಂದರು.

ಹಾಕಿದೆ. ಮೀನುಗಳು ಹವಳದ ಸಂದಿಗೆ ಹೊಕ್ಕು ನಿಂತವು. ಅಪ್ಪಯ್ಯನೂ ಕುರ್ಚಿ ಎಳೆದುಕೊಂಡು ಕೂತರು.

ಎರಡು ದಿನ ಕಳೆದು, ಶನಿವಾರ ಮಧ್ಯಾಹ್ನ ಕಚೇರಿಯಿಂದ ಬಂದರೆ ಮೆಟ್ಟಿಲಲ್ಲೇ ಮೂಗು ಮುಚ್ಚಿಕೊಳ್ಳಬೇಕಾಯಿತು. ತರಕಾರಿ ಚೀಲ ಹಿಡಿದು ನನ್ನ ಹಿಂದೆಯೇ ಬಂದ ಅಮ್ಮ "ಅಯ್ಯೋ, ಎಂತ ನಾತ ಇದು!" ಎಂದು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ತೊಟ್ಟಿಯ ನೀರು ಅಕ್ಕಿ ತೊಳೆದಂತೆ ಬೆಳ್ಳಗಾಗಿತ್ತು. ಮೀನೆರಡೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಲ್ಲಿಂದ ಒಂದು ಮೊಳ ದೂರದಲ್ಲಿ, ತೊಟ್ಟಿಗೆ ಬೆನ್ನು ಹಾಕಿ, ಅಪ್ಪಯ್ಯ ಪೇಪರ್ ಓದುತ್ತ ನೆಮ್ಮದಿಯಾಗಿ ಅವಲಕ್ಕಿ ತಿನ್ನುತ್ತಿದ್ದರು.

"ಎಂತ ಆಯ್ತು?" ಎಂದರು.

ಅಮ್ಮ ನನ್ನ ಮುಖ ನೋಡಿದಳು. ಜ್ವರ ಇಳಿಯುವಾಗ ಅಪ್ಪಯ್ಯನ ಮೂಗನ್ನೂ ಕೊಂಡೊಯ್ದಿತ್ತು, ಅವರು ಯಾರಿಗೂ ಹೇಳಿರಲಿಲ್ಲ. ನನಗೆ ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು.

ಅಪ್ಪಯ್ಯ ಎದ್ದು ತೊಟ್ಟಿ ನೋಡಿದರು. ಹವಳವನ್ನು ಹೊರತೆಗೆದು ಮೂಗಿಗೆ ಹಿಡಿದು ನಿಂತರು. ಆಮೇಲೆ ನನ್ನ ಕಡೆ ಚಾಚಿದರು.

"ವಾಸನೆ ಉಂಟಾ, ಮಗಾ?"

"ಉಂಟು ಅಪ್ಪಯ್ಯ. ಜೋರು ಉಂಟು."

"ಮೊನ್ನೆಯೂ ಇತ್ತಾ?"

"ಸ್ವಲ್ಪ ಇತ್ತು."

"ಮತ್ತೆ ಎಂತಕ್ಕೆ ಹೇಳಲಿಲ್ಲ?"

ಅವರು ಹಾಕು ಎಂದದ್ದೇ ನನಗೆ ಸಾಕಾಗಿತ್ತು. ಮೂಗು ಹೋಗಿದೆ ಎಂದರೆ ಸೋಮವಾರ ಒಲೆಯ ಮುಂದೆ ನಿಲ್ಲುವಂತಿರಲಿಲ್ಲ, ಅದಕ್ಕೇ ವಾಸನೆ ಇಲ್ಲ ಎನ್ನುವುದು ಅವರಿಗೂ ಬೇಕಿತ್ತು. ನಾಚಿಕೆಯಿಂದ ತಲೆ ತಗ್ಗಿಸಿದೆ.

ಸೋಮವಾರ ಅಪ್ಪಯ್ಯ ಹೋಟೆಲಿಗೆ ಹೋಗಲಿಲ್ಲ. ಹವಳವನ್ನು ಮತ್ತೆ ಬಕೆಟಿಗೆ ಇಳಿಸಿ, ದಿನಾ ಬೆಳಿಗ್ಗೆ ನೀರು ಬದಲಿಸಿ, ಕಲ್ಲನ್ನು ನನ್ನ ಮೂಗಿಗೆ ಹಿಡಿಯುತ್ತಿದ್ದರು. ಕಚೇರಿಗೆ ಹೊತ್ತಾದರೂ ನಾನು ನಿಲ್ಲುತ್ತಿದ್ದೆ. ತಿಂಗಳಾಗುವ ಹೊತ್ತಿಗೆ ನಾತ ಪೂರ್ತಿ ಹೋಯಿತು.

"ಹೋಯ್ತು ಅಪ್ಪಯ್ಯ" ಎಂದೆ.

ಅವರು ಕಲ್ಲನ್ನು ಹತ್ತಿರ ತಂದು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದರು.

"ನನಗೆ ಅವತ್ತೂ ಇವತ್ತೂ ಒಂದೇ, ಮಗಾ" ಎಂದರು.