ಲತೀಫಾಳ ಮೂರನೆಯ ಫರಸಿ

“ಲತೀಫಾನ ಮನ್ಯಾಗ ಕಾಲಿಡೂಕಿಂತ ಮದಲ, ಕೆಳಗ ಏನ್ ಬರದಾಳ ಓದ್ಕೊಂಡು ಕಾಲಿಡ್ರಿ” ಎಂದು ಶಹಾಬಾದಿನ ಆ ಓಣಿಯವರು ನಗುತ್ತಿದ್ದರು. ಅವಳ ಗಂಡ ಚಾಂದ್ ಗಣಿಯಲ್ಲಿ ಕಲ್ಲು ಕೊಯ್ಯುವವನು. ಮೂಲೆ ಮುರಿದ ಫರಸಿ ಕಲ್ಲುಗಳನ್ನು ಒಂದೊಂದಾಗಿ ತಂದು ಪಡಸಾಲೆ ತುಂಬ ಹಾಸಿದ್ದ. ಆ ನೆಲವೇ ಲತೀಫಾಳ ಪಾಟಿ. ಏನೇ ಬರೆಯುವುದಿದ್ದರೂ ಮೊದಲು ಕಲ್ಲಿನ ಮೇಲೆ ಬಳಪದಿಂದ ಬರೆದು, ತಿದ್ದಿ, ಆಮೇಲೆ ಹಾಳೆಗೆ ಇಳಿಸುವಳು. ಒಂದು ಫರಸಿಗೆ ಒಂದು ಪುಟ.

ಮದುವೆಯಾಗಿ ಎಂಟು ವರ್ಷದ ಮೇಲೆ ಅವಳಿಗೆ ಶಾಲೆಯ ಅಕ್ಕೋರಾಗುವ ಹುಚ್ಚು ಹಿಡಿದಿತ್ತು. ದಿನಾ ಬೆಳಗಿನ ರೈಲು ಹತ್ತಿ ಕಲಬುರ್ಗಿಯ ತರಬೇತಿ ಶಾಲೆಗೆ ಹೋಗುವಳು. ಅಲ್ಲಿ ವಾಸುದೇವರಾಯ ಮಾಸ್ತರರದು ಒಂದೇ ಮಾತು: ಕೊನೆಯ ಪಾಠವನ್ನು ಒಪ್ಪವಾಗಿ ಬರೆದು ಕೊಡದವರು ಪರೀಕ್ಷೆಗೆ ಕೂರುವಂತಿಲ್ಲ. ಲತೀಫಾ ‘ಮಳೆ ಹೇಗೆ ಬರುತ್ತದೆ’ ಎಂಬ ಪಾಠ ಬರೆದಳು, ಗಡಿಬಿಡಿಯಲ್ಲಿ ಹಾಳೆಗಿಳಿಸಿದಳು, ಓಡಿ ರೈಲು ಹಿಡಿದಳು, ಒಪ್ಪಿಸಿ ಬಂದಳು. ಓದಿಕೊಳ್ಳಲು ಹತ್ತು ದಿನ ರಜೆ.

ಮನೆಗೆ ಬಂದು ನೆಲ ಒರೆಸತೊಡಗಿದಾಗ ಮೂರನೆಯ ಫರಸಿಯ ಮೇಲೆ ಕೈ ನಿಂತೇಬಿಟ್ಟಿತು. ಅಲ್ಲಿದ್ದದ್ದು ಮಳೆಯಲ್ಲ. ಪಕ್ಕದ ಮನೆಯ ಮಾಣಿಕಮ್ಮ ಸೇಡಂನಲ್ಲಿರುವ ಮಗಳಿಗೆ ಕಳಿಸಲೆಂದು ಹಿಂದಿನ ದಿನವೇ ಹೇಳಿ ಬರೆಸಿದ್ದ ಶೇಂಗಾ ಹೋಳಿಗೆ ಮಾಡುವ ಬಗೆ. ಪಾಠ ಬರೆಯುವಾಗ ಆ ಕಲ್ಲನ್ನು ಬಿಟ್ಟು ಮುಂದೆ ಹೋಗಿದ್ದಳು. ಹಾಳೆಗೆ ಇಳಿಸುವಾಗ ಅದನ್ನು ಬಿಡಲು ಮರೆತಿದ್ದಳು.

“ಯಕ್ಕಾ, ನಾ ಕೆಟ್ಟೆರಿ!”

ಮಾಣಿಕಮ್ಮ ಓಡಿ ಬಂದಳು. “ಏನಾತ ತಂಗಿ?”

“ಮೋಡ ತಣ್ಣಗಾದ ಮ್ಯಾಲ ಮಳಿ ಬರಬೇಕಿತ್ತರಿ. ನಾ ಶೇಂಗಾ ಹುರದು ಸಿಪ್ಪಿ ತಗದೀನಿ.”

“ಛಲೋ ಆತು ಬಿಡು. ಮಳಿಗಾಲದಾಗ ಹೋಳಿಗಿ ಭಾಳ ರುಚಿ.”

“ನಗಬ್ಯಾಡ್ರಿ ಯಕ್ಕಾ. ಮಾಸ್ತರಗ ಚ್ಯಾಷ್ಟಿ ಮಾಡ್ಯಾಳ ಅಂತ ತಿಳ್ಕೊಂಡ್ರ ನನ್ ಪರೀಕ್ಷಾ ಮುಗೀತು.”

ಪತ್ರ ಬರೆಯಬೇಕೆಂದಾಯಿತು. ಅದೂ ಮೊದಲು ನೆಲದ ಮೇಲೆಯೇ. ಚಾಂದ್ ಹೇಳಿದ: “ಜ್ವರಾ ಬಂದಿತ್ತು, ತಲಿ ತಿರಗಿತ್ತು ಅಂತ ಬರಿ.”

“ಸುಳ್ಳ ಬರೀಲಿಕ್ಕ ಹೋದ್ರ ನಿನ್ ಗಣ್ಯಾಗಿನ ಕಲ್ಲೆಲ್ಲಾ ಸಾಲಂಗಿಲ್ಲ.”

“ಹಂಗಾದ್ರ ನಂದೇ ತಪ್ಪಂತ ಬರಿ,” ಎಂದಳು ಮಾಣಿಕಮ್ಮ. “ನನಗೇನ್ ಪರೀಕ್ಷಾ ಅದ?”

ಲತೀಫಾ ಇಬ್ಬರನ್ನೂ ಸರಿಸಿ ಕೂತಳು. ಎರಡು ಸಲ ಅಳಿಸಿ, ಮೂರನೆಯ ಸಲ ಬರೆದದ್ದನ್ನು ಕಾಗದಕ್ಕೆ ಇಳಿಸಿದಳು:

‘ಪೂಜ್ಯ ಗುರುಗಳಿಗೆ ಲತೀಫಾಳ ಸಲಾಮುಗಳು. ನಾನು ಒಪ್ಪಿಸಿದ ಪಾಠದ ಮೂರನೆಯ ಪುಟ ಮಳೆಯದಲ್ಲ. ನಾನು ಮನೆಯ ಫರಸಿಯ ಮೇಲೆ ಬರೆದು ಹಾಳೆಗೆ ಇಳಿಸುತ್ತೇನೆ. ಅವಸರದಲ್ಲಿ ಹೋಳಿಗೆಯ ಕಲ್ಲನ್ನೂ ಇಳಿಸಿಬಿಟ್ಟೆ. ತಮ್ಮನ್ನು ಹಗುರಾಗಿ ಕಂಡು ಮಾಡಿದ್ದಲ್ಲ, ತಪ್ಪು ನನ್ನದೇ. ಆ ಪುಟ ತೆಗೆದು ಓದಿದರೆ ಪಾಠ ಸರಿಯಾಗುತ್ತದೆ. ಕ್ಷಮಿಸಿ ಪರೀಕ್ಷೆಗೆ ಅನುಮತಿ ಕೊಡಬೇಕಾಗಿ ವಿನಂತಿ.’

ಆರು ದಿನ ಅವಳಿಗೆ ರೊಟ್ಟಿ ರುಚಿಸಲಿಲ್ಲ. ಏಳನೆಯ ದಿನ ಕಾರ್ಡು ಬಂತು. ಇಡೀ ಓಣಿ ಪಡಸಾಲೆಯಲ್ಲಿ ನೆರೆದು ಕೇಳಿತು:

‘ಪುಟ ತೆಗೆದಿದ್ದೇನೆ. ಪಾಠ ಚೆನ್ನಾಗಿದೆ. ಪರೀಕ್ಷೆಗೆ ತಪ್ಪದೆ ಬರುವುದು. ತೆಗೆದ ಪುಟ ನಮ್ಮ ಅಡುಗೆಮನೆ ಸೇರಿದೆ. ಏಲಕ್ಕಿ ಎಷ್ಟೆಂದು ಬರೆದಿಲ್ಲ, ತಿಳಿಸುವುದು.’

“ಅಯ್ಯ ನನ್ನಪ್ಪ, ಎಣಿಸಿ ಯಾರ್ ಹಾಕ್ತಾರ?” ಎನ್ನುತ್ತ ಮಾಣಿಕಮ್ಮ ಮನೆಗೋಡಿ, ಡಬ್ಬಿಯಿಂದ ಮುಷ್ಟಿಗೆ ಬಂದಷ್ಟು ತೆಗೆದು, ಜೀವಮಾನದಲ್ಲಿ ಮೊದಲ ಸಲ ಎಣಿಸಿದಳು. ಏಳು.

ಲತೀಫಾ ಪರೀಕ್ಷೆ ಬರೆದಳು, ಪಾಸಾದಳು. ಮರುವರ್ಷ ದಂಡೋತಿಯ ಶಾಲೆಗೆ ಆರ್ಡರ್ ಬಂತು. ಮನೆ ಖಾಲಿ ಮಾಡಿ, ನೆಲವನ್ನೆಲ್ಲ ತೊಳೆದು, ಹೊರಟು ನಿಂತಳು. ಹೊರಗೆ ಚಾಂದ್ ಟಾಂಗಾದಲ್ಲಿ ಕೂತು ಕೂಗುತ್ತಿದ್ದ. ಮಾಣಿಕಮ್ಮ ಹೋಳಿಗೆಯ ಗಂಟನ್ನು ಅವಳ ಕೈಗಿಟ್ಟು ಹೇಳಿದಳು: “ನೆಲ ಹಿಂಗ ಬರಿದು ನೋಡಾಕ ಆಗವಲ್ದು. ಮುಂದ ಬರೂರಿಗೆ ಏನರ ಬರದ ಹೋಗ ತಂಗಿ.”

ಲತೀಫಾ ಬಗ್ಗಿ ಮೂರನೆಯ ಫರಸಿಯ ಮೇಲೆ ‘ಏಲಕ್ಕಿ ಏಳು’ ಎಂದು ಬರೆದಳು. ಅಕ್ಷರ ತುಳಿಯದಂತೆ ಸೀರೆ ಎತ್ತಿ ಹಿಡಿದು, ಕಲ್ಲು ದಾಟಿ, ಹೊಸ್ತಿಲು ದಾಟಿ, ನಗುತ್ತ ಟಾಂಗಾ ಹತ್ತಿದಳು.