ಅರಿಶಿನ ಹಚ್ಚಿದ ಶಿಫಾರಸು ಪತ್ರ

ಕಂಪ್ಯೂಟರ್ ಸೈನ್ಸ್ ಎಂ.ಎಸ್ಸಿ. ಓದಲು ಹೊರದೇಶಗಳಿಂದ ಬರುವವರು ಏನೇನು ತರಬೇಕು ಅಂತ ಆ ವಿದೇಶಿ ಯೂನಿವರ್ಸಿಟಿ ಒಂದು ಪಟ್ಟಿ ಹಾಕಿತ್ತು. ಗೆಜ್ಜಲಗೆರೆಯ ಫ್ಯಾಕ್ಟರಿಯಲ್ಲಿ, ಊಟದ ಬಿಡುವಿನಲ್ಲಿ, ಸೂಪರ್‌ವೈಸರ್ ಕಣ್ಣು ತಪ್ಪಿಸಿ ಅದನ್ನು ಪ್ರಿಂಟ್ ತೆಗೆದೆ. ಐದು ಹಾಳೆ ಬಂತು. ನಮ್ಮ ಬೀದಿಯಲ್ಲಿ ಇದಕ್ಕಿಂತ ಕಡಿಮೆ ವಿಚಾರಣೆ ಮಾಡಿ ಹೆಣ್ಣು ಕೊಟ್ಟಿದ್ದಾರೆ.

ನಾನು ಆ ಫ್ಯಾಕ್ಟರಿಯಲ್ಲಿ ಮೂರು ವರ್ಷದಿಂದ ಗೋಡೌನಿಗೆ ಯಾವ ಪೆಟ್ಟಿಗೆ ಬಂತು, ಯಾವುದು ಹೋಯಿತು ಅಂತ ಕಂಪ್ಯೂಟರಿಗೆ ತುಂಬುವ ಕೆಲಸದಲ್ಲಿದ್ದೆ. ಮಂಡ್ಯದಲ್ಲಿ ಯಾರು ಕೇಳಿದರೂ ನಮ್ಮವ್ವ “ನನ್ ಮಗ್ಳು ಕಂಪೂಟ್ರಲ್ಲಿ ಅವ್ಳೆ” ಅನ್ನುತ್ತಿದ್ದಳು. ಅದರೊಳಗೆ ಏನು ನಡೆಯುತ್ತದೆ ಅಂತ ನನಗೇ ಅಷ್ಟಕ್ಕಷ್ಟೇ ಗೊತ್ತಿತ್ತು. ಸರಿಯಾಗಿ ಕಲಿಯಬೇಕು ಅನ್ನುವ ಹಟ ಹತ್ತಿದ್ದು ಆ ನಾಚಿಕೆಯಿಂದಲೇ. ಹಿಂದಿನ ವರ್ಷ ಕಾಗದಗಳನ್ನು ಹೊತ್ತಿಗೆ ಹೊಂದಿಸಲಾಗದೆ ಅರ್ಜಿ ತಪ್ಪಿಹೋಗಿತ್ತು. ಇಂಗ್ಲಿಷ್ ಪರೀಕ್ಷೆಯ ಅಂಕಕ್ಕೆ ಎರಡೇ ವರ್ಷ ಆಯಸ್ಸಂತೆ. ಈ ಸಲವೂ ತಪ್ಪಿದರೆ ಪೆಟ್ಟಿಗೆಗಳೇ ಗತಿ ಅಂತ ನನಗೆ ನಿಜವಾಗಿ ಭಯವಾಗಿತ್ತು.

ಪರೀಕ್ಷೆ ಸಾಲದು ಅಂತ, ಕಾಲೇಜಿನಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲೇ ಆಗಿತ್ತು ಅಂತ ಒಂದು ದೃಢೀಕರಣವನ್ನೂ ಕೇಳಿದ್ದರು. ಮದ್ದೂರಿನ ನಮ್ಮ ಡಿಗ್ರಿ ಕಾಲೇಜಿನ ಗಣಿತದ ಮೇಷ್ಟ್ರು ಮೂರು ವರ್ಷ “ಈ ಎಕ್ಸ್‌ನ ಎತ್ತಿ ಅತ್ಲಾಗ್ ಬಿಸಾಕ್ರುಲಾ” ಅಂತಲೇ ಲೆಕ್ಕ ಕಲಿಸಿದವರು. ಆಫೀಸಿನವರು ಎರಡು ಮಾತಾಡದೆ ‘ಇಂಗ್ಲಿಷ್ ಮಾಧ್ಯಮ’ ಅಂತ ಬರೆದು ಸೀಲು ಒತ್ತಿದರು. ಎಕ್ಸ್ ಇಂಗ್ಲಿಷೇ ತಾನೆ.

ಆಮೇಲೆ ಎರಡು ಶಿಫಾರಸು ಪತ್ರ. ನಮ್ಮ ಕಡೆ ಇದಕ್ಕೊಂದು ಪದ್ಧತಿಯಿದೆ. ಕಂಪ್ಯೂಟರ್ ವಿಭಾಗದ ಮುಖ್ಯಸ್ಥರ ಹತ್ತಿರ ಹೋದೆ. “ನೀನೇ ಬರ್ಕೊಂಡ್ ಬಾರಮ್ಮ, ಸೈನ್ ಹಾಕ್ಕೊಡ್ತೀನಿ” ಅಂದರು. ನಾನು ಬರೆದುಕೊಂಡೆ. ಅಪರೂಪದ ಪ್ರತಿಭೆ, ನಾಯಕತ್ವದ ಗುಣ, ಹೊಸದನ್ನು ಕಂಡುಹಿಡಿಯುವ ಹಸಿವು, ಒಂದೂ ಬಿಡಲಿಲ್ಲ. ಅವರು ಓದದೆ ಸಹಿ ಹಾಕಿ ಕಾಲೇಜಿನ ಇಮೇಲಿನಿಂದ ಕಳಿಸಿಯೇಬಿಟ್ಟರು.

ಎರಡನೆಯ ಪತ್ರವನ್ನು ಗಣಿತ ಕಲಿಸಿದವರೇ ಕೊಡಬೇಕಿತ್ತು. ಅಂದರೆ ಅದೇ ಮೇಷ್ಟ್ರು. ರಿಟೈರಾಗಿ ಮಳವಳ್ಳಿಯಲ್ಲಿದ್ದರು. ಅವರಿಗೆ ಕಾಲೇಜಿನ ಇಮೇಲಿಲ್ಲ. ಅಂಥವರು ಕಾಗದದಲ್ಲೇ ಬರೆದು, ಕವರಿಗೆ ಹಾಕಿ ಅಂಟಿಸಿ, ಅಂಟಿಸಿದ ಜಾಗದ ಮೇಲೆ ಅಡ್ಡಲಾಗಿ ಸಹಿ ಮಾಡಿ ಕೊಡಬಹುದು, ಕವರು ತೆರೆದಿದ್ದರೆ ಸ್ವೀಕರಿಸುವುದಿಲ್ಲ ಅಂತ ಪಟ್ಟಿಯಲ್ಲಿತ್ತು. ಜೊತೆಗೆ, ಆ ಪತ್ರ ಓದುವ ಹಕ್ಕನ್ನು ನಾನು ಬಿಟ್ಟುಕೊಟ್ಟಿದ್ದೇನೆ ಅನ್ನುವ ಚೌಕಕ್ಕೆ ಟಿಕ್ ಹಾಕಬೇಕಿತ್ತು. ಹಾಕಿದೆ. ಅವರು ಏನು ಬರೆಯುತ್ತಾರೋ ಓದುವ ಧೈರ್ಯವೂ ಇರಲಿಲ್ಲ ಬಿಡಿ.

ಅದಕ್ಕೆ ಕಾರಣವಿದೆ. ಎರಡನೇ ವರ್ಷದಲ್ಲಿ ಒಂದು ದಿನ ಬೋರ್ಡಿನ ಮೇಲೆ ದೊಡ್ಡ ಲೆಕ್ಕ ಮಾಡುತ್ತಾ, ನಡುವೆ ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿಬಿಟ್ಟರು. ನನಗೆ ಬಾಯಿ ತಡೆಯಲಿಲ್ಲ. ಎದ್ದು ನಿಂತು, “ಸಾ, ಎಕ್ಸ್ ಸೊನ್ನೆ ಆಗಿದ್ರೆ? ಹಿಂಗ್ ಭಾಗಿಸಿದ್ರೆ ಒಂದು ಉತ್ತರ ಕಳ್ದೋಯ್ತದೆ ಸಾ” ಅಂದೆ. ಇಡೀ ಕ್ಲಾಸು ಮೇಷ್ಟ್ರ ಮುಖ ನೋಡಿತು. “ಓಹೋ, ನೀನೇ ಬಂದ್ ಪಾಠ ಮಾಡ್ತೀಯಾ? ಒರಗ್ ನಡಿ” ಅಂದರು. ಉಳಿದ ಹೊತ್ತೆಲ್ಲ ಕಾರಿಡಾರಿನಲ್ಲಿ ಕಂಬ ಹಿಡಿದು ನಿಂತಿದ್ದೆ. ಆಮೇಲೆ ಅವರೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ನನಗೆ ಮಾತ್ರ ಆ ಸಿಟ್ಟು ಆರಲಿಲ್ಲ, ವರ್ಷಗಟ್ಟಲೆ.

ಮಳವಳ್ಳಿಗೆ ಹೋದಾಗ ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪದ್ಧತಿಯಂತೆ ನಾನೇ ಬರೆದಿದ್ದ ಪತ್ರವನ್ನು ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಾಲು ಓದಿ ಸಿಪ್ಪೆಯ ಮೊರಕ್ಕೆ ಹಾಕಿದರು.

“ನಿನ್ನ ನೀನೇ ಒಗಳ್ಕೊಂಡಿದ್ದೀಯ. ನಡುವೆ ನಾನ್ಯಾಕಮ್ಮ? ನಾಕ್ ದಿನ ಬುಟ್ಟು ಬಾ, ನಾನೇ ಬರ್ದಿರ್ತೀನಿ.”

ನನ್ನ ಕಥೆ ಮುಗಿಯಿತು ಅಂದುಕೊಂಡೇ ನಾಲ್ಕು ದಿನ ಕಳೆದೆ. ಐದನೇ ದಿನ ಕವರು ಕೈಗೆ ಬಂತು. ಅಂಟಿಸಿತ್ತು, ಅಡ್ಡಲಾಗಿ ಇಂಕ್ ಪೆನ್ನಿನ ನೀಲಿ ಸಹಿ ಇತ್ತು. ಕೊನೆಯ ದಿನಕ್ಕೆ ಇನ್ನೂ ಎರಡು ವಾರ ಇತ್ತು. ಸೋಮವಾರ ಕೊರಿಯರ್‌ಗೆ ಹಾಕೋಣ ಅಂತ ಬೀರುವಿನಲ್ಲಿಟ್ಟು ಶನಿವಾರ ಫ್ಯಾಕ್ಟರಿಗೆ ಹೋದೆ. ನಾನು ಮಾಡಿದ ತಪ್ಪು ಅದು. ಅವ್ವ ಇರುವ ಮನೆಯಲ್ಲಿ ಬೀರುವಿಗೆ ಬೀಗ ಹಾಕಬೇಕಿತ್ತು.

ಸಂಜೆ ಬಂದು ನೋಡಿದರೆ ಕವರು ದೇವರ ಮುಂದಿದೆ. ನಾಲ್ಕು ಮೂಲೆಗೂ ಅರಿಶಿನ, ನಡುವೆ ಯೂನಿವರ್ಸಿಟಿಯ ವಿಳಾಸದ ಮೇಲೇ ಕುಂಕುಮ. ಲಗ್ನಪತ್ರಿಕೆ ಹಾಗೆ ಕಾಣುತ್ತಿತ್ತು.

“ಅಷ್ಟ್ ದೂರ ಓಗೋ ಕಾಗ್ದ. ಬರಿ ಮೈಲಿ ಕಳ್ಸಕ್ಕಾದದಾ?” ಅಂದಳು ಅವ್ವ.

ಅಷ್ಟೇ ಆಗಿದ್ದರೆ ಒರೆಸಿಕೊಳ್ಳಬಹುದಿತ್ತು. ಹತ್ತಿರ ಹಿಡಿದು ನೋಡಿದೆ. ಮೇಷ್ಟ್ರ ಸಹಿ ನೀಲಿ ಕಲೆಯಾಗಿ ಹರಡಿತ್ತು. ಅಂಟಿಸಿದ ಜಾಗದಲ್ಲಿ ಏನೋ ಉಬ್ಬಿಕೊಂಡಿತ್ತು. ಉಗುರಿನಲ್ಲಿ ಕೆರೆದರೆ ಒಂದು ಸಾಸಿವೆ ಕಾಳು ಕೈಗೆ ಬಂತು.

ಆಮೇಲೆ ಒಂದೊಂದೇ ಹೊರಗೆ ಬಿತ್ತು. ಬೀದಿಯ ಹೆಂಗಸರು ವ್ಯಾನು ಮಾಡಿಕೊಂಡು ಮುತ್ತತ್ತಿಗೆ ಹೊರಟಿದ್ದರು. ಅವ್ವ ಕವರನ್ನೂ ಕರೆದುಕೊಂಡು ಹೋಗಿದ್ದಾಳೆ. ಆಂಜನೇಯನ ಪಾದದಲ್ಲಿ ಇಡಿಸಿದ್ದಾಳೆ. ಅರ್ಚಕರು ಕೈತುಂಬ ತೀರ್ಥ ಚಿಮುಕಿಸಿದ್ದಾರೆ. ಗೋಂದು ಬಿಟ್ಟು ಕವರು ಬಾಯಿ ತೆರೆದಿದೆ. ಹೊಳೆ ದಂಡೆಯಲ್ಲಿ ಊಟಕ್ಕೆ ಕೂತಾಗ, ಬುತ್ತಿಯ ಮೊಸರನ್ನದ ಅಗುಳು ಹಿಸುಕಿ ಅವ್ವ ಅದನ್ನು ಮತ್ತೆ ಅಂಟಿಸಿದ್ದಾಳೆ. ಸಾಸಿವೆ ಒಗ್ಗರಣೆಯದು.

ನಾನು ಕಿರುಚಾಡಿದೆ. ಆಂಜನೇಯ ಸಮುದ್ರ ಹಾರಿದ್ದು ಯಾವ ಯೂನಿವರ್ಸಿಟಿಗೆ ಅರ್ಜಿ ಹಾಕಿ ಅಂತ ಕೇಳಿದೆ. ಅವ್ವ ಕೆನ್ನೆ ಬಡಿದುಕೊಂಡಳು, ಆದರೆ ಸೋಲಲಿಲ್ಲ.

“ಅಷ್ಟು ದೊಡ್ ಕಾಗ್ದನ ಬರಿ ಗೋಂದಲ್ಲಿ ಅಂಟಿಸ್ತಾರಾ? ನಿಮ್ ಮೇಷ್ಟ್ರುದೇ ತಪ್ಪು ಕಣಮ್ಮ.”

ಅವಳು ಅಡುಗೆಮನೆಗೆ ಹೋದ ಮೇಲೆ ಕವರು ಹಿಡಿದು ಕೂತೆ. ಹೇಗೂ ಕೆಟ್ಟಿದೆ, ಇನ್ನು ಯಾರಿಗೂ ಕಳಿಸುವಂತಿಲ್ಲ. ಟಿಕ್ ಹಾಕಿದ್ದು ನೆನಪಿತ್ತು. ಆದರೂ ತೆಗೆದೆ. ತೀರ್ಥ ಒಳಗೂ ಇಳಿದು ಅಕ್ಷರ ಹರಡಿತ್ತು, ಕಷ್ಟಪಟ್ಟರೆ ಓದಬಹುದಿತ್ತು. ಇಂಗ್ಲಿಷಿನಲ್ಲಿ ಎಂಟೇ ಸಾಲು. ಪ್ರತಿಭೆ ಇಲ್ಲ, ನಾಯಕತ್ವ ಇಲ್ಲ. ಈಕೆಯ ಕೈಬರಹ ಕೆಟ್ಟದು, ಬಾಯಿ ಜೋರು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುತ್ತಾಳೆ ಅಂತಿತ್ತು. ಆಮೇಲೆ ಹೀಗಿತ್ತು: ‘ಒಮ್ಮೆ ತರಗತಿಯಲ್ಲಿ ನನ್ನ ತಪ್ಪನ್ನು ಎತ್ತಿ ತೋರಿಸಿದಳು. ನಾನು ಹೊರಗೆ ಕಳಿಸಿದೆ. ಅವಳು ಹೇಳಿದ್ದೇ ಸರಿಯಾಗಿತ್ತು. ಇದನ್ನು ಅವಳಿಗೆ ಈವರೆಗೆ ಹೇಳಿಲ್ಲ.’

ನಾಲ್ಕು ಸಲ ಓದಿದೆ. ಅವ್ವನ ಮೇಲಿದ್ದ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಸೀಟು ಸಿಕ್ಕಿತು ಅಂತ ಇಲ್ಲೇ ಹೇಳಿಬಿಡುತ್ತೇನೆ. ಮಾರನೇ ದಿನ ಮಳವಳ್ಳಿ ಬಸ್ಸಿನಲ್ಲಿ ಕೂತವಳಿಗೆ ಅದು ಗೊತ್ತಿರಲಿಲ್ಲ. ಇನ್ನೊಂದು ಪತ್ರ ಬರೆಯಲ್ಲ ಅಂದರೆ ಏನು ಗತಿ ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದೆ.

ಮೇಷ್ಟ್ರು ಅರಿಶಿನದ ಕವರನ್ನು ತಿರುಗಿಸಿ ತಿರುಗಿಸಿ ನೋಡಿದರು. ಸಾಸಿವೆಯ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಥಟ್ಟನೆ ಕೇಳಿದರು.

“ಒಳಗಿಂದು ಓದುದ್ಯಾ?”

“ಇಲ್ಲ ಸಾ.”

“ಸರಿ. ಈ ಕಲಸೋಗಿರೋ ಮಸಿ ನನ್ ಕಣ್ಗೆ ಕಾಣಾಕಿಲ್ಲ. ನೀನ್ ಓದು, ಒಸಾ ಹಾಳೆಗ್ ಬರ್ಕೊತೀನಿ.”

ಓದತೊಡಗಿದೆ. ಕೆಟ್ಟ ಕೈಬರಹ, ಜೋರು ಬಾಯಿ, ಎಲ್ಲ ಓದಿದೆ. ಎರಡನೇ ಸಾಲಿಗೇ ಅವರು ಕನ್ನಡಕದ ಮೇಲಿಂದ ನೋಡಿ, “ಕಾಗ್ದ ನೋಡ್ದೇನೇ ಓದ್ತಾ ಇದ್ದೀಯಲ್ಲಮ್ಮ” ಅಂದರು. ನಾನು ಬೇಗ ಕಾಗದಕ್ಕೆ ಮುಖ ಹಾಕಿದೆ. ಹೊರಗೆ ಕಳಿಸಿದ ಸಾಲು ಓದಿದೆ. ಅದರ ಮುಂದಿನದು ಬಾಯಿಗೆ ಬರಲಿಲ್ಲ. ಆ ವಯಸ್ಸಾದ ಮನುಷ್ಯನ ಎದುರಿಗೆ ಕೂತು ಅವರ ಸೋಲನ್ನು ನನ್ನ ಬಾಯಲ್ಲೇ ಓದಿ ಹೇಳುವುದು ಹೇಗೆ? ಹಾರಿಸಿ ಕೊನೆಯ ಸಾಲಿಗೆ ಹೋದೆ.

ಪೆನ್ನು ನಿಂತಿತು.

“ಒಂದು ಕಳ್ದೋಯ್ತಲ್ಲಮ್ಮ” ಅಂದರು.

“ಅಲ್ಲಿ ಮಸಿ ಅಳಿಸೋಗದೆ ಸಾ.”

“ಅಳಿಸೋಗ್ಲಿ ಬುಡು. ನನಗ್ ಗೊತ್ತು.”

ನನ್ನ ಸಹಾಯವಿಲ್ಲದೆ ಬರೆದರು, ನಿಧಾನವಾಗಿ. ಬರೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿ, ಆ ಸಾಲಿನ ಕೆಳಗೆ ಬೆರಳಿಟ್ಟರು. “ಓದು. ಕ್ಲಾಸಲ್ಲಿ ಕೇಳಿದ್ಯಲ್ಲ, ಅಷ್ಟೇ ಗಟ್ಟಿಯಾಗ್ ಓದು.”

ಅವಳು ಹೇಳಿದ್ದೇ ಸರಿಯಾಗಿತ್ತು. ಅಷ್ಟು ಓದುವುದರೊಳಗೆ ಕಣ್ಣು ತುಂಬಿ, ಹಾಳೆಯೇ ಕಾಣದಾಯಿತು.

ಮೇಷ್ಟ್ರು ಹಾಳೆಯನ್ನು ಚಕ್ಕನೆ ಕಿತ್ತುಕೊಂಡರು. “ಇದ್ರ ಮೇಲೂ ನೀರ್ ಆಕ್ಬ್ಯಾಡ. ಮೂರ್ನೇ ಸಲ ಬರೆಯಾಕೆ ನನ್ ಕೈಲಿ ಆಗಾಕಿಲ್ಲ.”